ಪದ ಪರಿಚಯ: ರೇಡಿಯೋ ನಿಯಂತ್ರಿತ ಗಡಿಯಾರ

ಹೆಸರಿನಲ್ಲಿ ರೇಡಿಯೋ ಇದ್ದರೂ ಇದರಲ್ಲಿ ಹಾಡು, ವಾರ್ತೆ ಬರುವುದಿಲ್ಲ. ದೂರದ ಪ್ರಸಾರ ಕೇಂದ್ರವೊಂದು ಬಿಡುವ ಸಮಯದ ಸಂಕೇತವನ್ನು ಹಿಡಿದು, ತನ್ನ ಮುಳ್ಳುಗಳನ್ನೋ ಅಂಕಿಗಳನ್ನೋ ತಾನೇ ಸರಿಪಡಿಸಿಕೊಳ್ಳುವ ಗಡಿಯಾರಕ್ಕೆ ಈ ಹೆಸರು. ಆಕಾಶವಾಣಿಯ ‘ಪೀಪ್ ಪೀಪ್’ ಸದ್ದಿಗೆ ಕಿವಿಗೊಟ್ಟು ನಮ್ಮ ಹಿರಿಯರು ಕೈಗಡಿಯಾರದ ಕೀ ತಿರುಗಿಸಿ ಟೈಮ್ ಸರಿಮಾಡಿಕೊಳ್ಳುತ್ತಿದ್ದರಲ್ಲ, ಅದೇ ಕೆಲಸವನ್ನು ಇಲ್ಲಿ ಗಡಿಯಾರವೇ ಮಾಡಿಕೊಳ್ಳುತ್ತದೆ. ಅದೂ ಹೆಚ್ಚಾಗಿ ನಡುರಾತ್ರಿ, ಅಲೆಗಳು ಚೆನ್ನಾಗಿ ದೂರ ಸಾಗುವ ಹೊತ್ತಿನಲ್ಲಿ.

ಡಬ್ಬಿಯ ಮೇಲೆ ಕೆಲವೊಮ್ಮೆ ‘ಅಟಾಮಿಕ್ ಕ್ಲಾಕ್’ ಎಂದು ಅಚ್ಚಾಗಿರುತ್ತದೆ. ಅದನ್ನು ನಂಬಬೇಡಿ. ಪರಮಾಣು ಗಡಿಯಾರ ಇರುವುದು ಪ್ರಸಾರ ಕೇಂದ್ರದಲ್ಲಿ. ಸೀಸಿಯಂ ಪರಮಾಣುವಿನ 9,19,26,31,770 ಆಂದೋಲನಗಳಿಗೆ ಒಂದು ಸೆಕೆಂಡ್ ಎಂದು 1967ರಲ್ಲಿ ಜಗತ್ತು ಒಪ್ಪಿಕೊಂಡ ಲೆಕ್ಕ ನಡೆಯುವುದು ಅಲ್ಲಿ. ನಿಮ್ಮ ತಲೆದಿಂಬಿನ ಪಕ್ಕದ ಟೈಂಪೀಸಿನೊಳಗೆ ಇರುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಮಾಮೂಲಿ ಕ್ವಾರ್ಟ್ಜ್ ಹರಳು ಮತ್ತು ಫೆರೈಟ್ ಕಡ್ಡಿಗೆ ತಂತಿ ಸುತ್ತಿದ ಒಂದು ಪುಟ್ಟ ಆಂಟೆನಾ, ಅಷ್ಟೇ. ಸಂಕೇತ ಸಿಗುತ್ತಿರುವಷ್ಟು ಕಾಲ ಅದು ಬಲು ಕರಾರುವಾಕ್ಕು, ಸಿಗದಿದ್ದರೆ ಸಂತೆಯಲ್ಲಿ ಸಿಗುವ ಗಡಿಯಾರಕ್ಕಿಂತ ಹೆಚ್ಚಿನದೇನಲ್ಲ.

ಈ ಸಂಕೇತದ ಜಾಣತನ ನನಗೆ ತುಂಬಾ ಇಷ್ಟ. ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗನ್‌ನಿಂದ ಡಿಸಿಎಫ್77 ಎಂಬ ಕೇಂದ್ರ 77.5 ಕಿಲೋಹರ್ಟ್ಜ್‌ನಲ್ಲಿ ಪ್ರಸಾರ ಮಾಡುತ್ತದೆ. 1959ರಲ್ಲಿ ಶುರುವಾದ ಕೇಂದ್ರ ಅದು, ಗಂಟೆ-ದಿನಾಂಕದ ಪೂರ್ತಿ ವಿವರ ಸೇರಿಕೊಂಡದ್ದು 1973ರಿಂದ. ಪ್ರತಿ ಸೆಕೆಂಡಿನ ಆರಂಭದಲ್ಲಿ ಅಲೆಯ ಬಲ ಒಂದು ಕ್ಷಣ ಕುಗ್ಗುತ್ತದೆ. 0.1 ಸೆಕೆಂಡ್ ಕುಗ್ಗಿದರೆ ‘ಸೊನ್ನೆ’, 0.2 ಸೆಕೆಂಡ್ ಕುಗ್ಗಿದರೆ ‘ಒಂದು’. ಹೀಗೆ ಸೊನ್ನೆ, ಒಂದುಗಳನ್ನು ಪೋಣಿಸುತ್ತ ಒಂದು ನಿಮಿಷದಲ್ಲಿ ನಿಮಿಷ, ಗಂಟೆ, ತಾರೀಖು, ವಾರ, ತಿಂಗಳು, ವರ್ಷ ಎಲ್ಲವನ್ನೂ ಹೇಳಿ ಮುಗಿಸುತ್ತದೆ. ಕೊನೆಯ ಸೆಕೆಂಡಿನಲ್ಲಿ ಮಾತ್ರ ಅಲೆ ಕುಗ್ಗುವುದಿಲ್ಲ. ಆ ಖಾಲಿ ಜಾಗದಿಂದಲೇ ಗಡಿಯಾರಕ್ಕೆ ಗೊತ್ತಾಗುವುದು, ಇನ್ನು ಹೊಸ ನಿಮಿಷ ಶುರು ಎಂದು. ಇಂಗ್ಲೆಂಡಿನ ಆಂಥಾರ್ನ್, ಅಮೆರಿಕದ ಫೋರ್ಟ್ ಕಾಲಿನ್ಸ್, ಜಪಾನ್, ಚೀನಾಗಳಲ್ಲೂ ಇಂಥ ಕೇಂದ್ರಗಳಿವೆ. ಆವರ್ತನ, ಸಂಕೇತಗಳ ರೀತಿ ಒಂದೊಂದರದು ಒಂದೊಂದು.

ಭಾರತದಲ್ಲಿ ಇಂಥ ಕಡಿಮೆ ಆವರ್ತನದ, ಅಂದರೆ ದೀರ್ಘತರಂಗದ (ಲಾಂಗ್ ವೇವ್) ಕೇಂದ್ರವಿಲ್ಲ. ಮುಖ್ಯ ಮಾತು ಇದೇ. ಮೈನ್‌ಫ್ಲಿಂಗನ್‌ನ ಸಂಕೇತ ಸುಮಾರು 2,000 ಕಿ.ಮೀ. ದೂರ ಮುಟ್ಟುತ್ತದೆ. ನಮ್ಮ ದಾವಣಗೆರೆ ಅಲ್ಲಿಂದ 7,000 ಕಿ.ಮೀ.ಗೂ ಆಚೆ. ಚೀನಾದ ಕೇಂದ್ರವೂ ನಮಗೆ 4,000 ಕಿ.ಮೀ. ಮೀರಿದ ದೂರ.

ಹೊರದೇಶದಲ್ಲಿ ಕೆಲಸಕ್ಕಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ-ಅಮ್ಮನಿಗೆಂದು ಇಂಥ ಟೈಂಪೀಸ್ ತರುವುದುಂಟು. ನಮ್ಮ ವಿದ್ಯಾನಗರದ ಹಿರಿಯರೊಬ್ಬರು ಅದನ್ನು ಮಂಡಿಪೇಟೆಯ ವಾಚ್ ಅಂಗಡಿಗೆ ಒಯ್ದು, “ಸೆಲ್ ಹೊಸದು ಹಾಕೀನಪ್ಪಾ, ಟವರ್ ಚಿತ್ರ ಮಿಣಕ್ ಮಿಣಕ್ ಅಂದು ಹೋಗ್ಬಿಡ್ತೈತೆ” ಎಂದರು. ಅಂಗಡಿಯವನು ಬಿಚ್ಚಿ ನೋಡಿ, “ಮಷಿನ್ ಸರಿ ಐತ್ರೀ ಯಜಮಾನ್ರೇ, ಎಲ್ಲೂ ಕೆಟ್ಟಿಲ್ಲ” ಎಂದು ವಾಪಸ್ ಕೊಟ್ಟ. ಇಬ್ಬರ ಮಾತೂ ನಿಜ. ಸೆಲ್ ಹಾಕಿದ ಕೂಡಲೇ ಗಡಿಯಾರ ಕೆಲವು ನಿಮಿಷ ಸಂಕೇತ ಹುಡುಕುತ್ತದೆ, ಆಗ ಟವರ್ ಚಿತ್ರ ಮಿಣುಕುತ್ತದೆ. ಸಿಕ್ಕರೆ ಅದು ಸ್ಥಿರವಾಗಿ ನಿಲ್ಲುತ್ತದೆ, ಸಿಗದಿದ್ದರೆ ಮಾಯ. ಮುಳ್ಳಿನ ಗಡಿಯಾರವಾದರೆ ಮುಳ್ಳುಗಳು ಸರಸರನೆ ಓಡಿ ಹೆಚ್ಚಾಗಿ ಹನ್ನೆರಡಕ್ಕೆ ಬಂದು ಕಾಯುತ್ತವೆ. ಜರ್ಮನಿಯ ಮನೆಯಲ್ಲಾದರೆ ಕಿಟಕಿಯ ಹತ್ತಿರ, ಟಿ.ವಿ., ಕಂಪ್ಯೂಟರ್, ಕಬ್ಬಿಣದ ಬೀರುಗಳಿಂದ ದೂರ ಇಟ್ಟು, ಯಾವ ಗುಂಡಿಯನ್ನೂ ಮುಟ್ಟದೆ ಒಂದು ರಾತ್ರಿ ಬಿಟ್ಟರೆ ಸಾಕು. ನಮ್ಮಲ್ಲಿ ಮಾಳಿಗೆಯ ಮೇಲಿಟ್ಟರೂ ಪ್ರಯೋಜನವಿಲ್ಲ.

ಹಾಗಾಗಿ ಇಲ್ಲಿ ಕೈಯಿಂದಲೇ ಸೆಟ್ ಮಾಡಬೇಕು. ಮೊದಲು ಸಂಕೇತ ಹುಡುಕುವುದನ್ನು ನಿಲ್ಲಿಸಿ. ಕೆಲವು ಮಾದರಿಗಳಲ್ಲಿ ‘ವೇವ್’ ಎಂಬ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಆಯಿತು. ಇದರಿಂದ ದಿನವೂ ರಾತ್ರಿ ವ್ಯರ್ಥವಾಗಿ ಹುಡುಕಿ ಸೆಲ್ ತಿನ್ನುವುದು ತಪ್ಪುತ್ತದೆ. ಟೈಮ್ ಝೋನ್ ಸೊನ್ನೆಯಲ್ಲಿರಲಿ. ಅದರ ಮೂಲಕ ಭಾರತದ ಸಮಯ ಹೊಂದಿಸಲು ಹೋಗಿ ಸೋಲುವವರೇ ಹೆಚ್ಚು. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ. ಆದರೆ ಆ ಗಡಿಯಾರಗಳಲ್ಲಿ ಬಹುಪಾಲು ಪೂರ್ಣ ಗಂಟೆಗಳನ್ನಷ್ಟೇ ಕೂಡಿಸಬಲ್ಲವು, ಅರ್ಧ ಗಂಟೆ ಅವಕ್ಕೆ ಗೊತ್ತಿಲ್ಲ. ಡಿಎಸ್‌ಟಿ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಎಂಬ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ. ಆಮೇಲೆ ಫೋನ್ ನೋಡಿಕೊಂಡು ಗಂಟೆ, ನಿಮಿಷ, ತಾರೀಖು ಕೊಡಿ. ಅಲಾರಂ ಇಡುವಾಗ 24 ಗಂಟೆಯ ಲೆಕ್ಕದಲ್ಲಿಟ್ಟರೆ ಬೆಳಿಗ್ಗೆ ಐದಕ್ಕೆ ಇಡಬೇಕಾದ್ದು ಸಂಜೆ ಐದಕ್ಕೆ ಬಡಿಯುವುದಿಲ್ಲ. ಬೆಳಗಿನ ಜಾವದ ರೈಲು ಹಿಡಿಯುವವರಿಗೆ ಇದು ಸಣ್ಣ ಮಾತಲ್ಲ.

ಹೀಗೆ ಇಟ್ಟ ಗಡಿಯಾರ ತಿಂಗಳಿಗೆ ಹದಿನೈದು-ಇಪ್ಪತ್ತು ಸೆಕೆಂಡ್ ಹಿಂದೆ ಮುಂದೆ ಆಗಬಹುದು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಈ ಹರಳುಗಳು ಸುಮಾರು 25 ಡಿಗ್ರಿಯಲ್ಲಿ ಸರಿಯಾಗಿ ನಡೆಯುವಂತೆ ಕತ್ತರಿಸಿದವು. ಸೆಖೆ ಹೆಚ್ಚಾದರೂ ಚಳಿ ಹೆಚ್ಚಾದರೂ ನಿಧಾನವಾಗುತ್ತವೆ. ಕೋಣೆ 40 ಡಿಗ್ರಿ ಕಾದರೆ ದಿನಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚೇ ಹಿಂದೆ ಬೀಳುತ್ತವೆ. ತಿಂಗಳಿಗೊಮ್ಮೆ ಫೋನಿಗೆ ಹೋಲಿಸಿ ತಿದ್ದಿದರೆ ಸಾಕು.

ಇನ್ನೊಂದು ಉಪಾಯವಿದೆ, ಕುತೂಹಲ ಇರುವವರು ಮಾಡಿ ನೋಡಲೇಬೇಕು. ಡಿಸಿಎಫ್77ರ ಸಂಕೇತವನ್ನು ಅನುಕರಿಸುವ ಆ್ಯಪ್‌ಗಳು ಸಿಗುತ್ತವೆ. ಫೋನಿನ ಸ್ಪೀಕರ್ 77.5 ಕಿಲೋಹರ್ಟ್ಜ್ ಹೊರಡಿಸಲಾರದು, ಆದರೆ ಅದರ ಐದನೇ ಒಂದು ಭಾಗವಾದ 15.5 ಕಿಲೋಹರ್ಟ್ಜ್ ಹೊರಡಿಸಬಲ್ಲದು. ಆ ಸದ್ದಿನ ಐದು ಪಟ್ಟು ಆವರ್ತನ, ಅಂದರೆ 77.5 ಕಿಲೋಹರ್ಟ್ಜ್, ಸ್ಪೀಕರಿನ ಸುರುಳಿಯ ಸುತ್ತ ಬಲು ದುರ್ಬಲವಾದ ಕಾಂತಕ್ಷೇತ್ರವಾಗಿ ಹೊಮ್ಮುತ್ತದೆ. ಗಡಿಯಾರವನ್ನು ಸ್ಪೀಕರಿಗೆ ಅಂಟಿಸಿದಂತೆ ಇಟ್ಟು ವಾಲ್ಯೂಮ್ ಪೂರ್ತಿ ಏರಿಸಿದರೆ, ಫ್ರಾಂಕ್‌ಫರ್ಟಿನ ಮಾತೇ ಬಂತೆಂದು ಅದು ಟೈಮ್ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಸಂಕೇತ ಹುಡುಕುವುದನ್ನು ಮತ್ತೆ ಆನ್ ಮಾಡಬೇಕು, ಕೆಲವು ನಿಮಿಷ ಅಲುಗಾಡಿಸಬಾರದು. ಎಲ್ಲ ಫೋನಿನಲ್ಲೂ ಇದು ಫಲಿಸುವುದಿಲ್ಲ. ಭಾರತದ ಸಮಯವನ್ನೇ ಕಳಿಸುವ ಆಯ್ಕೆ ಆ್ಯಪ್‌ನಲ್ಲಿದ್ದರೆ ಅರ್ಧ ಗಂಟೆಯ ತೊಡಕೂ ಬಗೆಹರಿಯುತ್ತದೆ.

ಭಾರತದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆ ಸಮಯ ಇಂಟರ್‌ನೆಟ್ ಮೂಲಕವೂ ಸಿಗುತ್ತದೆ. ದಾವಣಗೆರೆಯಲ್ಲೇ ಕುಳಿತು ತಾನೇ ಸರಿಹೋಗುವ ಗಡಿಯಾರ ಬೇಕೆನ್ನುವವರು ರೇಡಿಯೋ ಬಿಟ್ಟು, ಮನೆಯ ವೈ-ಫೈನಿಂದ ಸಮಯ ಪಡೆಯುವ ಗಡಿಯಾರ ಕೊಳ್ಳಬೇಕು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಅದನ್ನು ಹಾಕಿಸಿ, ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಝೋನ್ ಅದರ ಪಟ್ಟಿಯಲ್ಲಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.