ಸೊಂಟ ಈಗಷ್ಟೇ ಹಿಡಿದುಕೊಂಡಿದೆ, ವ್ಯಾಯಾಮ ಮಾಡಬೇಕಾ?

ಪ್ರಶ್ನೆ: ನಾಲ್ಕು ದಿನದ ಹಿಂದೆ ನೀರಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮನೆಯಲ್ಲಿ ಮಲಗಿಯೇ ಇರಿ ಅನ್ನುತ್ತಾರೆ. ಗೆಳೆಯರು ಈಗಲೇ ವ್ಯಾಯಾಮ ಶುರು ಮಾಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ನೋವು ಬಿಟ್ಟಷ್ಟು ಓಡಾಡಿಕೊಂಡು, ದಿನದ ಕೆಲಸ ಮಾಡಿಕೊಂಡಿರಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸೊಂಟ ನೋವೆಂದು ಬಂದ 186 ನಗರಸಭೆ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ. ಇನ್ನೊಂದಕ್ಕೆ ಬೆನ್ನು ಬಾಗಿಸುವ ಹಗುರ ವ್ಯಾಯಾಮ. ಮೂರನೆಯವರಿಗೆ ಆದಷ್ಟು ಎಂದಿನಂತೆ ಇರಿ ಎಂದಷ್ಟೇ ಹೇಳಿದರು. ಚೆನ್ನಾಗಿ ಚೇತರಿಸಿಕೊಂಡವರು ಈ ಮೂರನೆಯವರೇ. ಎಲ್ಲರಿಗಿಂತ ನಿಧಾನವಾದದ್ದು ಮಲಗಿದವರದ್ದು. ಈ ಫಲಿತಾಂಶ ಪ್ರಕಟವಾದದ್ದು 1995ರಲ್ಲಿ. ನಮ್ಮ ಮನೆಗಳಲ್ಲಿ ಇವತ್ತಿಗೂ ಮೊದಲು ಹಾಸಿಗೆಯನ್ನೇ ಹಾಸುತ್ತೇವೆ, ಅಲ್ವಾ?

2023ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಕಾಕ್ರೇನ್ ಎಂಬ ಸಂಸ್ಥೆ ಇಂಥ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಆರು ವಾರದೊಳಗಿನ ನೋವಿಗೆ ವ್ಯಾಯಾಮ ಮಾಡಿದವರಿಗೂ, ಚಿಕಿತ್ಸೆಯನ್ನೇ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೇ ಎಂದೂ ಅದು ಹೇಳಿದೆ. ಹಾಗಾಗಿ ಇದೇ ಕೊನೆಯ ಮಾತು ಅನ್ನಲಾರೆ.

ವ್ಯಾಯಾಮ ಮಾಡಿ ವಾಸಿಯಾದವರು ಬೇಕಾದಷ್ಟು ಜನ ಇದ್ದಾರಲ್ಲ ಅನ್ನಬಹುದು. ಹೊಸ ಸೊಂಟ ನೋವು ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನು ಮಾಡುತ್ತಿದ್ದೆವೋ ಅದಕ್ಕೇ ಹೆಸರು ಬರುತ್ತದೆ: ಎಣ್ಣೆ, ಬೆಲ್ಟು, ವ್ಯಾಯಾಮ, ಯಾವುದಾದರೂ ಸರಿ. ಮೈಗೆ ಹಿತ ಅನ್ನಿಸಿದರೆ ಹಗುರವಾಗಿ ಮಾಡಿ, ತಪ್ಪಿಲ್ಲ. ಆದರೆ ಬೇಗ ಗುಣವಾಗಲಿ ಎಂದು ಹಲ್ಲುಕಚ್ಚಿ ಮಾಡಬೇಡಿ, ಅದಕ್ಕೆಂದು ದುಡ್ಡು ಸುರಿಯಲೂ ಬೇಡಿ.

ವ್ಯಾಯಾಮಕ್ಕೆ ನಿಜವಾದ ಬೆಲೆ ಇರುವುದು ಆಮೇಲೆ. ನೋವು ಮೂರು ತಿಂಗಳು ದಾಟಿದ್ದರೆ ಅದರಿಂದ ಸಹಾಯವಾಗುತ್ತದೆ. ವಾಸಿಯಾದ ಮೇಲೆ ನಡಿಗೆಯೂ ಒಳ್ಳೆಯದು. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನದವರೆಗೆ ನಡಿಗೆಯನ್ನು ಮೆಲ್ಲಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಸುಮಾರು 208 ದಿನ ಹಿಡಿಯಿತು. ಉಳಿದವರಿಗೆ 112.

ಇದೆಲ್ಲ ಮಾಮೂಲಿ ಸೊಂಟ ನೋವಿನ ಮಾತು. ಮೂತ್ರ ಕಟ್ಟಿದರೆ, ಮಲ ಮೂತ್ರದ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತೋರಿಸದೆ ಇರಬೇಡಿ.