ಗಾಲಿ ಹೊರಗಿದ್ದಾಗ ಬ್ರೇಕ್ ಪೆಡಲ್ ಮುಟ್ಟಬೇಡಿ

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಬೈಕಿನ ಹಿಂದಿನ ಗಾಲಿ ಹಿಡಿದುಕೊಂಡೇ ಬಳ್ಳಾರಿಯ ನನ್ನ ಗ್ಯಾರೇಜಿಗೆ ಬಂದ. "ಅಣ್ಣಾ, ಬಿಚ್ಚೋದೇನೋ ಬಿಚ್ಚಿದೆ, ಈಗ ವಾಪಸ್ ಕೂಡ್ತಾನೇ ಇಲ್ಲ" ಅಂದ. ಮನೆಗೆ ಹೋಗಿ ನೋಡಿದೆ. ಎರಡೂ ಬ್ರೇಕ್ ಪ್ಯಾಡ್ ಒಂದಕ್ಕೊಂದು ಅಂಟಿ ನಿಂತಿದ್ದವು. ಅವುಗಳ ನಡುವೆ ಗಾಲಿಯ ಡಿಸ್ಕ್ (ಪ್ಯಾಡ್ ಹಿಡಿಯುವ ತಟ್ಟೆ) ಹೋಗಲು ಜಾಗವೇ ಇಲ್ಲ. ಗಾಲಿ ಹೊರಗಿದ್ದಾಗ ಅವನ ತಮ್ಮ ಆಟಕ್ಕೆ ಪೆಡಲ್ ತುಳಿದಿದ್ದ.

ಪೆಡಲ್ ತುಳಿದರೆ ಬ್ರೇಕ್ ಆಯಿಲ್, ಪ್ಯಾಡಿನ ಹಿಂದಿರುವ ಪಿಸ್ಟನ್ನನ್ನು ತಳ್ಳುತ್ತದೆ. ಅದನ್ನು ತಡೆಯುವುದು ಡಿಸ್ಕ್. ಡಿಸ್ಕ್ ಇಲ್ಲದಿದ್ದರೆ ಪಿಸ್ಟನ್ ಮುಂದೆ ಬರುತ್ತಲೇ ಇರುತ್ತದೆ. ಇನ್ನೂ ನಾಲ್ಕು ಸಲ ತುಳಿದಿದ್ದರೆ ಅದು ಕಿತ್ತು ಬಂದು ಆಯಿಲ್ ಎಲ್ಲ ನೆಲಕ್ಕೆ ಸುರಿಯುತ್ತಿತ್ತು. ಹಾಗಾಗಿ ಗಾಲಿ ಹೊರಗೆ ಬಂದ ಕೂಡಲೇ ಪ್ಯಾಡ್‌ಗಳ ನಡುವೆ ತೆಳ್ಳನೆ ಪ್ಲೈವುಡ್ ತುಂಡು ಸಿಕ್ಕಿಸಿಡಿ, ಮಡಚಿದ ರಟ್ಟಾದರೂ ಆದೀತು. ಆಗಲೇ ಮುಚ್ಚಿಕೊಂಡಿದ್ದರೆ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಪಿಸ್ಟನ್ನನ್ನು ನಿಧಾನಕ್ಕೆ ಹಿಂದಕ್ಕೆ ಒತ್ತಿ. ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ, ನೋಡಿಕೊಳ್ಳಿ. ಡಾಟ್ 3, ಡಾಟ್ 4 ಅಂತ ಬರೆದಿರುವ ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಇನ್ನು ಬಿಚ್ಚುವ ಕೆಲಸ. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಹಿಂದಿನ ಗಾಲಿ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ಬೇಕೇ ಬೇಕು. ಸೈಡ್ ಸ್ಟ್ಯಾಂಡಿಗೆ ಕಲ್ಲು ಕೊಟ್ಟು ಮಾಡುವ ಕೆಲಸ ಇದಲ್ಲ. ಗಾಡಿ ನೆಲದ ಮೇಲಿರುವಾಗಲೇ ಆಕ್ಸಲ್ (ಗಾಲಿಯ ನಡುವಿನ ಕಂಬಿ) ನಟ್ ಸಡಿಲ ಮಾಡಿ. ಚೈನ್ ಅಡ್ಜಸ್ಟರ್‌ನ ಗೆರೆ ಎಷ್ಟರಲ್ಲಿದೆ, ಆಕ್ಸಲ್ ಮೇಲಿನ ಯಾವ ಬುಷ್ (ಬಳೆ) ಯಾವ ಕಡೆ ಇದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗಾಲಿಯನ್ನು ಮುಂದಕ್ಕೆ ತಳ್ಳಿದರೆ ಚೈನ್ ಸಡಿಲವಾಗಿ ಕಳಚುತ್ತದೆ. ಎಷ್ಟೋ ಗಾಡಿಗಳಲ್ಲಿ ಪ್ಯಾಡ್, ಪಿಸ್ಟನ್ ಇರುವ ಕ್ಯಾಲಿಪರ್‌ನ ಬ್ರಾಕೆಟ್ ನಿಂತಿರುವುದೇ ಆಕ್ಸಲ್ ಮೇಲೆ. ಆಕ್ಸಲ್ ಎಳೆದರೆ ಅದೂ ಬಿಟ್ಟುಕೊಳ್ಳುತ್ತದೆ. ಅದನ್ನು ಬ್ರೇಕ್ ಪೈಪಿಗೆ ಜೋತು ಬಿಡಬೇಡಿ, ಹಗ್ಗದಿಂದ ಫ್ರೇಮಿಗೆ ಕಟ್ಟಿ. ಎರಡೂ ಗಾಲಿಗೆ ಎಬಿಎಸ್ ಇದ್ದರೆ ಸೆನ್ಸಾರ್ ವೈರ್ ಜೋಪಾನ.

ನಮ್ಮ ಕಡೆಯ ಗಾಡಿಗಳಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಕ್ಯಾಲಿಪರ್ ಆಚೀಚೆ ಸರಿಯುವ ಸ್ಲೈಡ್ ಪಿನ್ನುಗಳನ್ನು. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರ ಗಾಡಿಯಲ್ಲಿ ಅದಿರಿನ ಕೆಂಪು ಧೂಳು ಸಂದುಗೊಂದಿಗೆಲ್ಲ ಇಳಿದಿರುತ್ತದೆ. ರಬ್ಬರ್ ಕವರ್ ಹರಿದಿದ್ದರೆ ಆ ಧೂಳು ಪಿನ್ನಿಗೂ ಸೇರಿ, ಗ್ರೀಸ್ ಒಣಗಿ, ಕ್ಯಾಲಿಪರ್ ಸರಿಯುವುದೇ ನಿಲ್ಲುತ್ತದೆ. ಆಗ ಒಂದೇ ಪ್ಯಾಡ್ ಸವೆಯುತ್ತದೆ. ಇನ್ನೊಂದು ಹೊಸದರಂತೆ ಇರುತ್ತದೆ. ಸುಮ್ನೆ ಪ್ಯಾಡ್ ಬದಲಿಸಿದರೆ ಮತ್ತೆ ಅದೇ ಕಥೆ, ಅಲ್ವಾ? ಪಿನ್ ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಪ್ಯಾಡಿಗೆ, ಡಿಸ್ಕಿಗೆ ಮಾತ್ರ ಎಣ್ಣೆ ಅಂಟಿದ ಕೈ ತಾಗಲೇಬಾರದು.

ವಾಪಸ್ ಕೂರಿಸುವಾಗ ಎರಡೂ ಕಡೆ ಗೆರೆ ಸಮ ಇರಲಿ. ಚೈನ್ ಎಷ್ಟು ಸಡಿಲ ಇರಬೇಕು, ನಟ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಆಯಾ ಗಾಡಿಯ ಪುಸ್ತಕ ನೋಡಿ ಮಾಡಿ. ಟಾರ್ಕ್ ಪಾನಾ (ಬಿಗಿ ಅಳೆಯುವ ಪಾನಾ) ಇಲ್ಲದಿದ್ದರೆ ಹತ್ತಿರದ ಗ್ಯಾರೇಜಿನಲ್ಲಿ ಬಿಗಿ ಮಾಡಿಸಿ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಿ.

ಗಾಡಿ ಹತ್ತುವ ಮುಂಚೆ, ನಿಂತಲ್ಲೇ, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಹಿಂದೆ ಒತ್ತಿದ ಪಿಸ್ಟನ್ ಮತ್ತೆ ಡಿಸ್ಕಿನ ಹತ್ತಿರ ಬರುವುದು ಆಗಲೇ. ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲಿ ಹಿಂದಿನ ಬ್ರೇಕ್ ಇರುವುದಿಲ್ಲ. ಗಾಲಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಾಕಿ, ಬಿಟ್ಟ ಮೇಲೆ ಮತ್ತೆ ಸಲೀಸಾಗಿ ತಿರುಗುತ್ತದಾ ನೋಡಿ. ಆಮೇಲೆ ಓಣಿಯೊಳಗೇ ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ.