ಸಿಹಿ ತಿಂದು ಬರುವ ಕಾಯಿಲೆ ಅಲ್ಲ ಇದು

ದಾವಣಗೆರೆ ಕಡೆ ಮಗುವಿಗೆ ಟೈಪ್ 1 ಶುಗರ್ ಅಂತ ಗೊತ್ತಾದರೆ ನೆಂಟರು ಮೊದಲು ಕೇಳುವುದೇ, "ಸಿಹಿ ಜಾಸ್ತಿ ತಿನ್ನಿಸಿದ್ರಾ?" ಅಮ್ಮ ತಲೆ ತಗ್ಗಿಸುತ್ತಾಳೆ. ಅವಳದೇನೂ ತಪ್ಪಿಲ್ಲ. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದಿರುತ್ತವೆ.

ಇದು ತಿಳಿಯಲು ವಿಜ್ಞಾನಕ್ಕೂ ಬಹಳ ಕಾಲ ಬೇಕಾಯಿತು. 1922ರ ಜನವರಿಯಲ್ಲಿ ಟೊರೊಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟರು. ಸಾಯುತ್ತಿದ್ದ ಮಕ್ಕಳು ಬದುಕತೊಡಗಿದರು. ಆದರೆ ಮೈಯಲ್ಲಿ ಇನ್ಸುಲಿನ್ ಯಾಕೆ ನಿಂತುಹೋಗುತ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು 1965ರಲ್ಲಿ. ನಮ್ಮೂರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ವರ್ಷವೂ ಅದೇ. ಕಾಯಿಲೆ ಕಾಣಿಸಿಕೊಂಡ ಸ್ವಲ್ಪ ದಿನಕ್ಕೇ ತೀರಿಕೊಂಡವರ ಮೇದೋಜೀರಕ ಗ್ರಂಥಿಯನ್ನು, ಅಂದರೆ ಬೀಟಾ ಕೋಶಗಳಿರುವ ಅಂಗವನ್ನು, ಬೆಲ್ಜಿಯಂನ ವೈದ್ಯ ವಿಲ್ಲಿ ಗೆಪ್ಟ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೀಟಾ ಕೋಶಗಳು ಬಹುಪಾಲು ಹೋಗಿಬಿಟ್ಟಿದ್ದವು. ಅಳಿದುಳಿದವುಗಳ ಸುತ್ತ ಲಿಂಫೋಸೈಟ್‌ಗಳು, ಅಂದರೆ ಒಂದು ಜಾತಿಯ ಬಿಳಿ ರಕ್ತಕಣಗಳು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದ್ದವು. 1974ರಲ್ಲಿ ರೋಗಿಗಳ ರಕ್ತದಲ್ಲೇ ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳು (ಆಂಟಿಬಾಡಿಗಳು) ಸಿಕ್ಕವು.

ಲಿಂಫೋಸೈಟ್‌ಗಳಲ್ಲಿ ಬಿ ಕೋಶ, ಟಿ ಕೋಶ ಅಂತ ಬಗೆಗಳಿವೆ. ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳು. ದಾಳಿ ನಡೆಯುತ್ತಿದೆ ಅಂತ ಪ್ರತಿಕಾಯಗಳು ಸಾಕ್ಷಿ ಹೇಳುತ್ತವೆ, ಅಷ್ಟೇ. ಕೊಲ್ಲುವ ಕೆಲಸ ಮುಖ್ಯವಾಗಿ ಸಿಡಿ8 ಅನ್ನುವ ಜಾತಿಯ ಟಿ ಕೋಶಗಳದ್ದು. ಅವುಗಳನ್ನು ಎಬ್ಬಿಸಿ ಬೆಂಬಲ ಕೊಡುವುದು ಸಿಡಿ4 ಟಿ ಕೋಶಗಳು. ಇವನ್ನೆಲ್ಲ ಹದ್ದುಬಸ್ತಿನಲ್ಲಿಡುವ ಟಿ ಕೋಶಗಳೂ ಇವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಅವನ್ನು ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಈ ಕಡಿವಾಣ ಸಡಿಲವಾದಾಗಲೇ ಅನಾಹುತ. ಅದೂ ಸದ್ದಿಲ್ಲದೆ, ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಮಗುವಿಗೆ ವಿಪರೀತ ಬಾಯಾರಿಕೆ ಆಗಿ, ಹಾಸಿಗೆ ಒದ್ದೆಯಾಗಿ, ತೂಕ ಇಳಿಯುವ ಹೊತ್ತಿಗೆ ಸಾಕಷ್ಟು ಬೀಟಾ ಕೋಶಗಳು ಸತ್ತಿರುತ್ತವೆ.

ದಾಳಿಯನ್ನೇ ತಡೆಯಲು 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಅನ್ನುವ, ಟಿ ಕೋಶಗಳನ್ನು ಹತ್ತಿಕ್ಕುವ ಔಷಧಿ ಕೊಟ್ಟು ನೋಡಿದರು. ಕೆಲವರಿಗೆ ಗುಣ ಕಂಡಿತು, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿತ್ತು. ಟಿ ಕೋಶಗಳ ಆರ್ಭಟ ತಗ್ಗಿಸುವ ಟೆಪ್ಲಿಜುಮ್ಯಾಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಪ್ರತಿಕಾಯ ಕಂಡು, ಸಕ್ಕರೆ ಏರುಪೇರಾಗಿ, ಇನ್ನೂ ಲಕ್ಷಣ ಕಾಣಿಸದವರಲ್ಲಿ ಅದು ಕಾಯಿಲೆಯನ್ನು ಸುಮಾರು 2 ವರ್ಷ ಮುಂದಕ್ಕೆ ತಳ್ಳಿತು. ನನಗಂತೂ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ಕಾಯಿಲೆ ಬಂದಾದ ಮೇಲೆ ಮಾತ್ರ ಇನ್ಸುಲಿನ್ನೇ ಬೇಕು. "ಚುಚ್ಚೋದು ಬಿಡಿಸಿ ನಾಟಿ ಔಷಧಿ ಕೊಡಿಸಿ" ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಇನ್ಸುಲಿನ್ ನಿಂತರೆ ಕೆಲವೇ ದಿನದಲ್ಲಿ ರಕ್ತ ಆಮ್ಲೀಯವಾಗಿ ಮಗುವಿನ ಜೀವಕ್ಕೇ ಅಪಾಯ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳ ತುದಿಯ ಒಂದು ಹನಿ ರಕ್ತದಲ್ಲೇ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುತ್ತದೆ.